ಮೂಲಪುರುಷನ ಹೆಸರು

ವಂಶವೃಕ್ಷವೆಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡ ಓದುಗರಿಗೆ 1965ರಲ್ಲಿ ಪ್ರಕಟವಾದ ಎಸ್. ಎಲ್. ಭೈರಪ್ಪನವರ ಕಾದಂಬರಿ ನೆನಪಾಗುವುದು ಸಹಜ. ಆದರೆ ನಾಡಕಚೇರಿಯ ಮೆಟ್ಟಿಲು ಹತ್ತಿದವರಿಗೆ ಆ ಮಾತಿನ ಅರ್ಥವೇ ಬೇರೆ. ಮನೆಯ ಹಿರಿಯರು ತೀರಿಕೊಂಡ ಮೇಲೆ ಹೊಲವು ಮಕ್ಕಳ ಹೆಸರಿಗೆ ಬರಬೇಕಾದರೆ, ಅವರ ಸಂತಾನವನ್ನೆಲ್ಲ ಒಂದು ಕಾಗದದ ಮೇಲೆ ಗೆರೆಗಳಿಂದ ಜೋಡಿಸಿ ಬರೆದುಕೊಟ್ಟು, ಪಂಚರ ಸಹಿ ಹಾಕಿಸಿ, ಕಚೇರಿಯ ಮುದ್ರೆ ಒತ್ತಿಸಿಕೊಳ್ಳಬೇಕು. ಈ ಮರಕ್ಕೆ ಬೇರು ಮೇಲೆ, ಕೊಂಬೆ ಕೆಳಗೆ. ಭಗವದ್ಗೀತೆಯ ಅಶ್ವತ್ಥವನ್ನು ನಮ್ಮ ಕಂದಾಯ ಇಲಾಖೆಯವರು ಇಷ್ಟು ಶ್ರದ್ಧೆಯಿಂದ ಅನುಸರಿಸುವರೆಂದು ನಾನು ಎಣಿಸಿರಲಿಲ್ಲ.

ಎರಡು ವರ್ಷಗಳ ಹಿಂದೆ ನಮ್ಮ ಅಜ್ಜ ಕಾಲವಾದರು. ಧಾರವಾಡ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ನಮ್ಮದು ಒಕ್ಕಲುತನದ ಮನೆ. ಊರಿನ ಹೆಸರನ್ನೂ ಮನೆಯವರ ಹೆಸರುಗಳನ್ನೂ ಇಲ್ಲಿ ಬರೆಯುವುದಿಲ್ಲ; ಬದುಕಿರುವವರು ಇದ್ದಾರೆ, ಮುಂದೆ ಹೇಳುವ ಸಂಗತಿ ಅವರಿಗೂ ಸೇರಿದ್ದು. ವಾರಸಾ ಮಾಡಿಸಲೆಂದು ತಂದೆಯವರೊಡನೆ ನಾನೂ ಹೋಗಿದ್ದೆ. ಹುದ್ದೆಯ ಹೆಸರು ಎಷ್ಟು ಸಲ ಬದಲಾದರೂ ನಮ್ಮ ಕಡೆಯವರು ಇನ್ನೂ ತಲಾಠಿ ಎಂದೇ ಕರೆಯುವ ಆ ಅಧಿಕಾರಿಗಳು ಕಾಗದದ ನೆತ್ತಿಯ ಮೇಲೆ ಬೆರಳಿಟ್ಟು, “ಮೂಲಪುರುಷನ ಹೆಸರು ಹೇಳಿರಿ” ಎಂದರು. ತಂದೆಯವರು ಕ್ಷಣವೂ ತಡೆಯದೆ ನನ್ನ ಮುತ್ತಜ್ಜನ ತಂದೆಯ ಹೆಸರನ್ನು ಹೇಳಿದರು. ಕಾಗದದಲ್ಲಿ ಅದು ಬಂದಿತು, ಮುದ್ರೆ ಬಿದ್ದಿತು, ಕೆಲಸ ಮುಗಿಯಿತು. ನನಗೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಕಚೇರಿಗೆ ಬೇಡವಾದ ಹೆಸರುಗಳನ್ನೂ ಸೇರಿಸಿ, ಸೊಸೆಯರನ್ನೂ ಕೊಟ್ಟ ಹೆಣ್ಣುಮಕ್ಕಳನ್ನೂ ಬಿಡದೆ, ಪೂರ್ಣವಾದ ಒಂದು ಮರವನ್ನು ಬರೆದಿಡಬೇಕೆಂಬ ಹುಚ್ಚು ಹಿಡಿಯಿತು. ಕಾಲೇಜಿಗೆ ಬೇಸಗೆಯ ರಜೆ ಬಂದಿತ್ತು. ಹುಚ್ಚು ಹಿಡಿಯುವುದಕ್ಕೆ ಅದು ತಕ್ಕ ಕಾಲ.

ಮನೆತನದ ನೆನಪು ಎಷ್ಟು ಮೋಟೆಂಬುದು ಬರೆಯಲು ಕುಳಿತಾಗಲೇ ತಿಳಿಯುವುದು. ಸಂಸ್ಕೃತ ವಿಭಾಗದ ನನ್ನ ಸಹೋದ್ಯೋಗಿಗಳೊಬ್ಬರು ಹೇಳಿದಂತೆ, ಶ್ರಾದ್ಧದಲ್ಲಿ ತಂದೆ ವಸುವಿನ ರೂಪ, ತಾತ ರುದ್ರನ ರೂಪ, ಮುತ್ತಾತ ಆದಿತ್ಯನ ರೂಪ. ಅಲ್ಲಿಂದಾಚೆಗೆ ಹೆಸರು ಹಿಡಿದು ಕರೆಯುವ ಪ್ರಮೇಯವೇ ಇಲ್ಲ. ಮಂತ್ರವಿಲ್ಲದ ನಮ್ಮಂಥ ಮನೆಗಳಲ್ಲಿ ಮಾನೌಮಿ ಅಮಾಸಿಯ ದಿನ ಹಿರಿಯರಿಗೆ ಎಡೆ ಹಿಡಿಯುತ್ತಾರೆ. ನಮ್ಮ ಮನೆಯಲ್ಲಿ ಒಳಗೆ ದೇವರ ಜಗುಲಿಯ ಮುಂದೆ ಒಂದು ದೊಡ್ಡ ಎಡೆ, ಹಿತ್ತಲ ಬಾಗಿಲ ಹೊರಗೆ ಒಂದು ಸಣ್ಣ ಎಡೆ. ಹೊರಗಿನದು ಯಾರಿಗೆ ಎಂದು ಬಾಲ್ಯದಲ್ಲಿ ಕೇಳಿದ್ದೆ. “ಕಾಗಿಗೆ” ಎಂದಿದ್ದರು. ಕಾಗೆಯೂ ಬರುತ್ತಿದ್ದಿತಾದ್ದರಿಂದ ಆ ಉತ್ತರದಲ್ಲಿ ನನಗೆ ಕೊರತೆ ಕಾಣಲಿಲ್ಲ.

ಹೆಸರುಗಳನ್ನು ಕೂಡಿಡುವ ಕೆಲಸವನ್ನೇ ಕುಲಕಸುಬಾಗಿ ಮಾಡಿಕೊಂಡವರು ನಮ್ಮಲ್ಲಿದ್ದಾರೆ. ಹರಿದ್ವಾರದ ಪಂಡಾಗಳ ವಹಿಗಳ ವಿಷಯ ಯಾತ್ರೆಗೆ ಹೋಗಿ ಬಂದವರಿಂದ ಅನೇಕರು ಕೇಳಿರಬಹುದು. ಯಾತ್ರಿಕನ ಊರನ್ನೂ ಕುಲವನ್ನೂ ತಿಳಿದು ಅವನ ಹಿರಿಯರ ಹೆಸರುಗಳನ್ನು ಅವರು ತೆಗೆದು ತೋರಿಸುವರು. ಅಲ್ಲಿ ನಾವು ಪುಸ್ತಕವಿದ್ದಲ್ಲಿಗೆ ಹೋಗಬೇಕು. ನಮ್ಮ ನಾಡಿನಲ್ಲಿ ಪುಸ್ತಕವೇ ಮನೆಬಾಗಿಲಿಗೆ ಬರುವುದು. ಉತ್ತರ ಕರ್ನಾಟಕದ ಓದುಗರಿಗೆ ಹೆಳವರನ್ನು ಪರಿಚಯಿಸಬೇಕಾಗಿಲ್ಲ. ಹೆಳವನೆಂದರೆ ಕುಂಟ. 1909ರಲ್ಲಿ ಅಚ್ಚಾದ ಥರ್ಸ್ಟನ್ನನ ಗ್ರಂಥದಲ್ಲಿ ಬಳ್ಳಾರಿ ಸೀಮೆಯ ಹೆಳವರ ಮಾತು ಬಂದಿದೆ: ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಲ್ಲಿ ಮರೆಮಾಡಿಕೊಂಡು ಅವರು ಊರಿಗೆ ಬರುವರು, ಮನೆಮನೆಯ ಮುಂದೆ ನಿಂತು ಆ ಮನೆತನದ ಚರಿತ್ರೆಯನ್ನೂ ಕಾಳಗದಲ್ಲಿ ಮಡಿದ ವೀರರ ಹೆಸರುಗಳನ್ನೂ ಹೇಳುವರು. ನಮ್ಮ ಮನೆಗೆ ಬರುವ ಹೆಳವರು ಎತ್ತನ್ನು ಬಿಟ್ಟು ಮೋಟಾರುಸೈಕಲ್ ಹಿಡಿದು ಬಹಳ ಕಾಲವಾಯಿತು. ಆದರೆ ಸುಗ್ಗಿ ಮುಗಿದ ಮೇಲೆ ಬರುವ ಪದ್ಧತಿ ತಪ್ಪಿಲ್ಲ, ಅಂಗಳದಲ್ಲಿ ನಿಂತು ರಾಗವಾಗಿ ಹಿರಿಯರನ್ನು ಹೊಗಳುವುದೂ ತಪ್ಪಿಲ್ಲ, ಜೋಳದ ಚೀಲವೂ ತಪ್ಪಿಲ್ಲ.

ಆ ವರ್ಷ ಅವರು ಬಂದಾಗ ನಾನು ಒಂದು ಅಧಿಕಪ್ರಸಂಗ ಮಾಡಿದೆ. ಹಾಡಿದ್ದು ಸಾಕು, ಚೀಲದಲ್ಲಿರುವ ಪುಸ್ತಕವನ್ನು ತೆರೆದು ನಮ್ಮ ಪುಟವನ್ನು ಓದಿರಿ ಎಂದೆ. ಅವರು ತೆರೆದರು, ಓದಿದರು. ಮುತ್ತಜ್ಜನ ತಂದೆಯ ಹೆಸರಿನವರೆಗೆ ಧ್ವನಿ ಸರಾಗವಾಗಿದ್ದಿತು. ಅದರ ಕೆಳಗಿನ ಸಾಲಿಗೆ ಬಂದಾಗ ತಡವರಿಸಿ, ಪುಟ ಮಗುಚಿದರು. ನಾನು ಬಿಡಲಿಲ್ಲ. ಆ ಸಾಲಿನಲ್ಲಿ ಮುತ್ತಜ್ಜನ ಹೆಸರಿನ ಪಕ್ಕದಲ್ಲಿ ಎರಡು ಮಾತುಗಳಿದ್ದುವು: “ಹಿಂದೆ ಬಂದವ.”

“ಹಂಗಂದರ?” ಎಂದು ಕೇಳಿದೆ.

“ಅಂಗಳದಾಗ ಹಾಡೂದ ಬ್ಯಾರೆ, ಪುಸ್ತಕದಾಗ ಇರೂದ ಬ್ಯಾರೆ ರೀ ಧಣ್ಯಾರ” ಎಂದು ಹೇಳಿ ಅವರು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿದರು.

ತಾಯಿಯ ಹಿಂದೆ ಬಂದ ಮಗು! ಅಂದರೆ ನಮ್ಮ ಮುತ್ತಜ್ಜನ ತಾಯಿ ಉಡಕಿಯಾಗಿ ಈ ಮನೆಗೆ ಬಂದವಳು. ಉಡಕಿಯೆಂದರೇನೆಂದು ಈಗಿನ ತರುಣರಿಗೆ ತಿಳಿಯದಿರಬಹುದು. ವಿಧವೆಯರ ಪುನರ್ವಿವಾಹಕ್ಕೆ ಸರಕಾರದ ಕಾಯಿದೆ ಬಂದದ್ದು 1856ರಲ್ಲಿ. ಆದರೆ ನಮ್ಮ ಕಡೆಯ ಎಷ್ಟೋ ಒಕ್ಕಲು ಜಾತಿಗಳಲ್ಲಿ ಕಾಯಿದೆಯ ಹಂಗಿಲ್ಲದೆ ಅದು ಹಿಂದಿನಿಂದಲೂ ನಡೆದುಬಂದಿದ್ದಿತು. ನಡೆಯುತ್ತಿದ್ದುದು ಮಾತ್ರ ಕತ್ತಲೆಯಲ್ಲಿ. ವಾದ್ಯವಿಲ್ಲ, ಹಂದರವಿಲ್ಲ, ಮುತ್ತೈದೆಯರು ಆ ಹೊತ್ತಿಗೆ ಎದುರು ಬರುತ್ತಿರಲಿಲ್ಲ, ಹೊಸ ಸೀರೆ ಉಡಿಸಿ ಮನೆ ತುಂಬಿಸಿಕೊಂಡರೆ ಮುಗಿಯಿತು. ಹೀಗೆ ಬಂದವಳು ಸಂಸಾರ ಮಾಡಬಹುದು, ಹೊಲದಲ್ಲಿ ದುಡಿಯಬಹುದು, ಶುಭಕಾರ್ಯಕ್ಕೆ ಮಾತ್ರ ಮುಂದೆ ನಿಲ್ಲುವಂತಿಲ್ಲ. ಒಂದು ಕಾಲಕ್ಕೆ ಊರಿಗೆಲ್ಲ ಗೊತ್ತಿದ್ದ, ಯಾರೂ ದೂರದಿದ್ದ ಈ ವ್ಯವಹಾರ, ಮನೆಯಲ್ಲಿ ನಾಲ್ಕು ಅಕ್ಷರ ಬಂದು ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ನಾಚಿಕೆಯ ವಿಷಯವಾಯಿತೆಂದು ತೋರುತ್ತದೆ.

ಅಜ್ಜನ ತಂಗಿಯೊಬ್ಬಳು ನಮ್ಮ ಮನೆಯಲ್ಲಿದ್ದಾಳೆ. ತೊಂಬತ್ತರ ಹತ್ತಿರದ ಪ್ರಾಯ. ನಾವೆಲ್ಲ ಆಯಿ ಎನ್ನುತ್ತೇವೆ. ಅವಳನ್ನು ಕೇಳಿದೆ. “ಏನ್ ಹುಡುಕಾಕತ್ತೀಯೋ ತಮ್ಮಾ? ಸತ್ತವರ ಗಂಟು ಬಿಚ್ಚಬ್ಯಾಡ” ಎಂದು ಗೋಡೆಯ ಕಡೆಗೆ ಮಗ್ಗುಲಾದಳು. ಈ ವಾರಪತ್ರಿಕೆಯ ಧಾರಾವಾಹಿಗಳಲ್ಲಾದರೆ ಇಂಥ ಸಂದರ್ಭದಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಒಂದು ಪತ್ರ ಸಿಗುವುದು. ನಮ್ಮ ಅಟ್ಟವನ್ನೂ ನಾನು ಹುಡುಕಿದೆನೆಂದು ಒಪ್ಪಿಕೊಳ್ಳುತ್ತೇನೆ. ಹಳೆಯ ಹಗ್ಗ, ಮುರಿದ ಕೂರಿಗೆಯ ತಾಳು ಮತ್ತು ಒಂದು ಹಾವಿನ ಪೊರೆ ಸಿಕ್ಕಿದುವು.

ಸಿಕ್ಕಬೇಕಾದದ್ದು ಸಿಕ್ಕಿದ್ದು ಊರಿನ ಸರಕಾರಿ ಶಾಲೆಯಲ್ಲಿ. ಶಾಲೆಗೆ ನೂರು ವರ್ಷ ತುಂಬಿ ಹಲವು ವರ್ಷಗಳೇ ಕಳೆದಿವೆ. ಹಳೆಯ ದಾಖಲಾತಿ ಪುಸ್ತಕಗಳು ಕಪಾಟಿನ ತಳದಲ್ಲಿ ಭದ್ರವಾಗಿದ್ದುವು. ಮುಖ್ಯೋಪಾಧ್ಯಾಯರು ದೊಡ್ಡ ಮನಸ್ಸು ಮಾಡಿ ತಾವೇ ಧೂಳು ಒರೆಸಿ ಕೊಟ್ಟರು. 1902ನೆಯ ಇಸವಿಯ ಪುಟದಲ್ಲಿ ಮುತ್ತಜ್ಜನ ಹೆಸರಿದ್ದಿತು, ಜನ್ಮವರ್ಷ 1895. ತಂದೆಯ ಹೆಸರಿನ ಅಂಕಣದಲ್ಲಿ ಮೊದಲು ಒಂದು ಹೆಸರು, ಒಂದು ಅಡ್ಡಹೆಸರು, ನಮಗೆ ಗೊತ್ತೇ ಇಲ್ಲದವು. ಅದರ ಮೇಲೆ ಅಡ್ಡಗೆರೆ. ಗೆರೆಯ ಮೇಲ್ಗಡೆ ಬೇರೆ ಮಸಿಯಲ್ಲಿ ನಮ್ಮ ಮೂಲಪುರುಷನ ಹೆಸರು. ಜನ್ಮಸ್ಥಳದ ಅಂಕಣವನ್ನು ಮಾತ್ರ ಯಾರೂ ತಿದ್ದಿರಲಿಲ್ಲ. ಅಲ್ಲಿ ಐದು ಹರಿದಾರಿ ಆಚೆಗಿನ ಇನ್ನೊಂದು ಊರಿನ ಹೆಸರಿದ್ದಿತು. ಮೂವತ್ತು ವರ್ಷಗಳಿಂದ ಆ ಶಾಲೆಯ ಮುಂದೆ ಓಡಾಡಿದವನು ನಾನು. ಆ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಮಸಿ ಕಾಗದವನ್ನು ಕೊರೆದು ಆಚೆಯ ಪುಟಕ್ಕೆ ಇಳಿದಿದ್ದಿತು.

ಆ ಹೆಸರನ್ನು ಆಯಿಯ ಮುಂದೆ ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಜೋಳ ಹಸನು ಮಾಡುತ್ತ, ಮೊರದಿಂದ ಕಣ್ಣೆತ್ತದೆ, ಹೇಳಿದಳು. ಅವಳ ಅಜ್ಜಿಯ ಮೊದಲ ಗಂಡ ದೊಡ್ಡ ಬೇನೆಯಲ್ಲಿ ಹೋದ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿ ಧಾರವಾಡಗಳಲ್ಲಿ ಹಬ್ಬಿದ್ದಿತೆಂದೂ, ಹಾಫ್‌ಕಿನ್ ಸಾಹೇಬನ ಚುಚ್ಚುಮದ್ದನ್ನು ಹುಬ್ಬಳ್ಳಿಯಲ್ಲಿ ಸಹಸ್ರಾರು ಜನಕ್ಕೆ ಹಾಕಿದರೆಂದೂ ನಾವು ಓದುತ್ತೇವೆ. ಹಳ್ಳಿಯ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅಂಥದೊಂದು ಗುಡಿಸಲಿನಲ್ಲಿ ಆಕೆ ಗಂಡನನ್ನು ಕಳೆದುಕೊಂಡಳು. ಎರಡು ವರ್ಷದ ಮೇಲೆ, ಕಂಕುಳಲ್ಲಿ ಮಗನನ್ನೂ ತಲೆಯ ಮೇಲೆ ಒಂದು ಕೌದಿಯನ್ನೂ ಹೊತ್ತು ನಮ್ಮ ಊರಿಗೆ ಬಂದಳು. “ನನಗ ಹನ್ನೆರಡು ವರ್ಷ ಆಗೂತನಾ ಇದ್ಲು. ಯಾರ ಲಗ್ನದಾಗೂ ಸೋಬಾನಕ್ಕ ಕೂಡ್ತಿರಲಿಲ್ಲ. ಒಲಿ ಮುಂದ ಕೂಡ್ತಿದ್ಲು.”

ಆ ಅಡ್ಡಗೆರೆ ಏಕೆ ಬಿದ್ದಿತೆಂಬುದನ್ನು ನನಗೆ ವಿವರಿಸಿದವರು ವಕೀಲ ಮಿತ್ರರು. ನಮ್ಮ ಮೂಲಪುರುಷನಿಗೆ ಸ್ವಂತ ಗಂಡುಮಕ್ಕಳಿರಲಿಲ್ಲ. ಹೆಂಡತಿಯ ಹಿಂದೆ ಬಂದ ಮಗ ಹಿಂದೂ ನ್ಯಾಯದ ಪ್ರಕಾರ ಮಲತಂದೆಯ ಆಸ್ತಿಗೆ ವಾರಸುದಾರನಲ್ಲ. ಊರು ಅವನನ್ನು ಪರರ ಮಗನೆಂದು ಬರೆದುಕೊಂಡಿದ್ದರೆ, ಹೊಲವೆಲ್ಲ ಭಾವಕಿಯವರಿಗೆ ಹೋಗಬೇಕಾಗಿದ್ದಿತು. ಆದ್ದರಿಂದ ಆ ಮನುಷ್ಯ ಶಾಲೆಗೆ ಹೋಗಿ ಮಾಸ್ತರನ ಮುಂದೆ ನಿಂತು, ತನಗೆ ಹುಟ್ಟದ ಹುಡುಗನಿಗೆ ತನ್ನ ಹೆಸರನ್ನು ಬರೆಯಿಸಿರಬೇಕು. ಇದನ್ನು ಸುಳ್ಳು ದಾಖಲೆ ಎನ್ನುವುದೋ? ಕಾನೂನಿನ ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರಿರಲಾರದು. ನಾನು ಆ ಕೈಬರಹವನ್ನು ನೋಡಿ ಬಂದವನು. ಹಾಗೆ ಕರೆಯಲು ನನಗೆ ಬಾಯಿ ಬರುವುದಿಲ್ಲ.

ವಿಚಿತ್ರವೇನೆಂದರೆ, ಆ ಹುಡುಗನಿಗೆ ನ್ಯಾಯವಾಗಿ ಸೇರಬೇಕಾದ ಹೊಲ ಆಚೆಯ ಊರಿನಲ್ಲಿದ್ದಿತು. 1856ರ ಕಾಯಿದೆಯ ಪ್ರಕಾರ ಮರುಮದುವೆಯಾದ ಹೆಂಗಸು ಮೊದಲ ಗಂಡನ ಆಸ್ತಿಯಲ್ಲಿ ತನಗಿದ್ದ ಹಕ್ಕನ್ನು ಕಳೆದುಕೊಳ್ಳುತ್ತಿದ್ದಳು. ಮಗನ ಹಕ್ಕು ಅದರಿಂದ ಹೋಗುತ್ತಿರಲಿಲ್ಲ. ಆದರೆ ಹಕ್ಕಿದ್ದರೇನು, ಕಾಗದ ಬೇಡವೆ? ಮುಂಬಯಿ ಇಲಾಖೆಯಲ್ಲಿ ಜಮೀನಿನ ಹಕ್ಕುದಾರರನ್ನೆಲ್ಲ ದಾಖಲಿಸುವ ಕಾಯಿದೆ ಬಂದದ್ದು 1903ರಲ್ಲಿ. ಅದಕ್ಕೆ ಮುಂಚೆ ಸರಕಾರಕ್ಕೆ ಬೇಕಾಗಿದ್ದುದು ಪಟ್ಟಿ ಕಟ್ಟುವ ಖಾತೆದಾರನೊಬ್ಬನ ಹೆಸರು, ಅದು ಸಾಮಾನ್ಯವಾಗಿ ಹಿರಿಯಣ್ಣನದು. ಐದು ವರ್ಷ ಮುಂಚೆ ಸತ್ತ ತಮ್ಮನು ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಊರು ಬಿಟ್ಟ ಅವನ ಮಗನನ್ನು ಯಾರು ಬರೆಸಬೇಕು? ಹೀಗೆ ನಮ್ಮ ಮುತ್ತಜ್ಜ ತನ್ನದಾಗಿದ್ದ ಹೊಲವನ್ನು ಕಳೆದುಕೊಂಡು, ತನ್ನದಲ್ಲದ ಹೊಲವನ್ನು ಪಡೆದು, ಅದನ್ನೇ ಅರವತ್ತು ವರ್ಷ ಉತ್ತು ಬಿತ್ತಿ ತೀರಿಕೊಂಡನು.

ಆ ಊರಿಗೆ ಹೋಗಬಾರದೆಂದು ನನ್ನನ್ನು ನಾನೇ ಎರಡು ತಿಂಗಳು ತಡೆದೆ. ಕೊನೆಗೆ ಹೋದೆ. ಅಡ್ಡಹೆಸರು ಹಿಡಿದು ಕೇಳಿದರೆ ಮನೆ ತೋರಿಸದ ಹಳ್ಳಿ ಯಾವುದು? ಎಪ್ಪತ್ತೈದರ ಹಿರಿಯರೊಬ್ಬರು ಕಟ್ಟೆಯ ಮೇಲೆ ಕುಳ್ಳಿರಿಸಿಕೊಂಡು ಚಹ ಕೊಟ್ಟರು. ನಾನು ಹೇಳುತ್ತ ಹೋದಂತೆ ಅವರ ಮುಖ ಬಿಗಿಯುತ್ತ ಬಂದಿತು. ಕಪ್ಪನ್ನು ಕೆಳಗಿಟ್ಟು, “ಹೊಲ ಕೇಳಾಕ ಬಂದೀರೇನ್ರಿ ಸರ?” ಎಂದರು. ನನ್ನ ವಿದ್ಯೆಯೆಲ್ಲ ಆ ಒಂದು ಪ್ರಶ್ನೆಯ ಮುಂದೆ ಕರಗಿಹೋಯಿತು. ಮನೆತನದ ಚರಿತ್ರೆಯೆಂದು ನಾನು ಹಿಗ್ಗಿನಿಂದ ಅಗೆಯುತ್ತಿದ್ದುದು ಅವರ ಪಾಲಿಗೆ ನೆಲವನ್ನೇ ಅಗೆದಂತೆ! ನೂರಿಪ್ಪತ್ತು ವರ್ಷದ ಮೇಲೆ ಯಾವ ಕೋರ್ಟೂ ಅದನ್ನು ಕೇಳುವುದಿಲ್ಲವೆಂದೂ, ಕೇಳುವ ಇಚ್ಛೆ ನನಗಿಲ್ಲವೆಂದೂ ಹೇಳಿದೆ. ಅವರು ನಂಬಿದರೋ ಇಲ್ಲವೋ ತಿಳಿಯದು. ಬಹಳ ಹೊತ್ತಿನ ಮೇಲೆ ಎದ್ದು, “ಬರ್ರಿ” ಎಂದು ಊರಾಚೆಗೆ ಕರೆದುಕೊಂಡು ಹೋದರು.

ಬದುವಿನಾಚೆಗೆ ಎರಡು ಎಕರೆಯ ಒಂದು ಉದ್ದನೆಯ ತುಂಡು. ಹತ್ತಿ ಬಿಟ್ಟಿದ್ದಿತು. “ಇದಕ್ಕ ತಮ್ಮನ ಪಟ್ಟಿ ಅಂತಾರ್ರಿ. ಯಾವ ತಮ್ಮ ಅಂತ ನಮಗೂ ಗೊತ್ತಿರಲಿಲ್ಲ.”

ಅವರ ಮನೆಗೆ ಬರುವ ಹೆಳವರು ಬೇರೆಯವರು. ಒಂದೊಂದು ಹೆಳವ ಮನೆತನಕ್ಕೂ ತನ್ನ ತನ್ನ ಹಕ್ಕಿನ ಊರುಗಳಿರುವುದರಿಂದ ಈ ಎರಡು ಪುಸ್ತಕಗಳೂ ಎಂದೂ ಎದುರುಬದುರಾಗಿರಲಿಲ್ಲ. ಕಳೆದ ಸುಗ್ಗಿಯಲ್ಲಿ ಅವರು ಬಂದಾಗ ಹಿರಿಯರು ನನಗೆ ಹೇಳಿಕಳಿಸಿದರು. ಹೋಗಿ ನೋಡಿದೆ. ಅಣ್ಣನ ಹೆಸರಿನಿಂದ ಕೊಂಬೆಗಳು ಪುಟ ತುಂಬ ಹರಡಿದ್ದುವು. ತಮ್ಮನ ಹೆಸರಿನ ಮುಂದೆ ದೀಪ ನಂದಿತೆಂದು ಬರೆದಿದ್ದಿತು. ಆ ನಂದಿದ ದೀಪದವರು ನಾವು ಇಂದಿಗೆ ಮಕ್ಕಳು ಮರಿ ಸೇರಿ ನಲವತ್ತಮೂರು ಮಂದಿ ಇದ್ದೇವೆ. ಹೆಳವರು ಲೆಕ್ಕಣಿಕೆ ತೆಗೆದು, ಬರೆಯಲೇ ಎಂದು ಹಿರಿಯರ ಮುಖವನ್ನು ನೋಡಿದರು. ಹಿರಿಯರು ನನ್ನ ಮುಖವನ್ನು ನೋಡಿದರು. ತಂದೆಯವರನ್ನು ಕೇಳಿ ಹೇಳುತ್ತೇನೆಂದು ಬಂದುಬಿಟ್ಟೆ.

ಇಷ್ಟರಲ್ಲಿ ನನ್ನನ್ನು ಕಾಡತೊಡಗಿದ್ದುದು ಬೇರೊಂದು ಕೊರತೆ. ಎರಡು ಮನೆಗಳನ್ನು ಜೋಡಿಸಿದವಳು ಆ ಹೆಂಗಸು. ಆಕೆ ಎರಡು ಹೆಳವರ ಪುಸ್ತಕಗಳಲ್ಲಿಯೂ ಇಲ್ಲ. ಶಾಲೆಯ ಪುಸ್ತಕದಲ್ಲಿ ತಂದೆಯ ಅಂಕಣವಿದೆ, ಅದರಲ್ಲಿ ಇಬ್ಬರು ತಂದೆಗಳೂ ಇದ್ದಾರೆ, ತಾಯಿಗೆ ಅಂಕಣವೇ ಇಲ್ಲ. ಆಯಿಯನ್ನು ಕೇಳಿದರೆ ಅವಳಿಗೂ ಗೊತ್ತಿಲ್ಲ: ಸೊಸೆಯನ್ನು ಅವಳು ಬಂದ ಊರಿನ ಹೆಸರಿನಿಂದ ಕರೆಯುವುದು ನಮ್ಮ ಕಡೆಯ ವಾಡಿಕೆ, ಮೊಮ್ಮಕ್ಕಳಿಗೆ ಅಜ್ಜಿಯ ಹೆಸರು ಬೇಕಾಗುವುದೇ ಇಲ್ಲ.

ಪಾಠ ಹೇಳುವವನಿಗೆ ಇಂಥಲ್ಲಿ ಪಾಠವೇ ನೆನಪಾಗುವುದು. ಆದಿಕವಿ ಪಂಪನು ತನ್ನ ಕಾವ್ಯದಲ್ಲಿ ತನ್ನ ಹಿರಿಯರನ್ನು ಮಾಧವ ಸೋಮಯಾಜಿಯಿಂದ ಹಿಡಿದು ಜೈನಧರ್ಮವನ್ನು ಸ್ವೀಕರಿಸಿದ ತಂದೆಯವರೆಗೆ ಹೆಸರಿಸಿ ಹೇಳುತ್ತಾನೆ. ತಾಯಿಯ ಹೆಸರು ಅದರಲ್ಲಿ ಬರುವುದಿಲ್ಲ. ಅದು ನಮಗೆ ಸಿಕ್ಕಿದ್ದು ಈಗ ತೆಲಂಗಾಣದಲ್ಲಿರುವ ಕುರ್ಕ್ಯಾಲದ ಬಂಡೆಯ ಮೇಲೆ, ಅವನ ತಮ್ಮ ಜಿನವಲ್ಲಭನು ಕೆತ್ತಿಸಿದ ಶಾಸನದಲ್ಲಿ. ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅಬ್ಬಣಬ್ಬೆ. ಅಣ್ಣಿಗೇರಿ ನಮ್ಮ ಜಿಲ್ಲೆಯದೇ. ತರಗತಿಯಲ್ಲಿ ಆ ಹೆಸರನ್ನು ಪರೀಕ್ಷೆಗೆ ಬರುವ ಒಂದು ಅಂಕದ ಪ್ರಶ್ನೆಯೆಂದು ಎಷ್ಟೋ ವರ್ಷ ಹೇಳಿದ್ದೇನೆ. ಸಾವಿರ ವರ್ಷದ ಹಿಂದಿನ ಆ ತಾಯಿಗೆ ಅಣ್ಣನಿಂದ ದೊರೆಯದ ಕಲ್ಲು ತಮ್ಮನಿಂದ ದೊರೆಯಿತು; ನೂರು ವರ್ಷದ ಹಿಂದಿನ ನಮ್ಮ ಮನೆಯವಳಿಗೆ ಕಾಗದದ ಒಂದು ಮೂಲೆಯೂ ಇಲ್ಲ.

ತಂದೆಯವರಿಗೆ ಎಲ್ಲವನ್ನೂ ಹೇಳಿದ್ದು ಆ ಮೇಲೆ. ಅವರು ಸಿಟ್ಟಾಗುವರೆಂದು ಭಾವಿಸಿದ್ದೆ. ಸಿಟ್ಟಾಗಲಿಲ್ಲ. “ಹಂಗಾರ ನಮ್ಮ ಅಡ್ಡಹೆಸರು ನಮ್ಮದಲ್ಲೇನು?” ಎಂದು ಒಂದೇ ಮಾತು ಕೇಳಿದರು. ಅವರ ಲಗ್ನಪತ್ರಿಕೆಯಲ್ಲಿ, ನನ್ನ ಪದವಿಯ ಪ್ರಮಾಣಪತ್ರದಲ್ಲಿ, ಬಾಗಿಲ ಮೇಲಿನ ಕಲ್ಲಿನಲ್ಲಿ ಇರುವ ಹೆಸರು ಅದು. ಕೊಟ್ಟವರು ಕೊಟ್ಟ ಮೇಲೆ ನಮ್ಮದೇ ಎಂದೆ. ಅವರು ಉತ್ತರ ಕೊಡದೆ ಎತ್ತಿಗೆ ನೀರು ಕುಡಿಸಲು ಹೋದರು. ಮುಂದೆ ಹಲವು ವಾರ ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೊಟ್ಟಿಗೆಯಲ್ಲಿ ಒಬ್ಬರೇ ಕುಳಿತಿರುವುದನ್ನು ಒಂದೆರಡು ಸಲ ಕಂಡೆ. ಮಾಡಬಾರದ ಕೆಲಸ ಮಾಡಿದೆನೇ ಎಂಬ ಸಂದೇಹ ನನಗೆ ಬಂದದ್ದುಂಟು. ಅದು ಪೂರ್ತಿ ಹೋಗಿದೆಯೆಂದು ಈಗಲೂ ಹೇಳಲಾರೆ.

ಮೊನ್ನಿನ ಮಾನೌಮಿ ಅಮಾಸಿಗೆ ಊರಿಗೆ ಹೋಗಿದ್ದೆ. ಒಳಗಿನ ಎಡೆಯಾದ ಮೇಲೆ ತಾಯಿ ಸಣ್ಣ ಬಾಳೆಲೆಯಲ್ಲಿ ಹೋಳಿಗೆ, ಅನ್ನ, ಕಟ್ಟಿನ ಸಾರು ಬಡಿಸಿಕೊಂಡು ಹಿತ್ತಲಿಗೆ ಹೊರಟಳು. ತಂದೆಯವರು ಅಡ್ಡ ಬಂದು ಆ ಎಲೆಯನ್ನು ತಾವೇ ತೆಗೆದುಕೊಂಡರು. ಜಗುಲಿಯ ಮುಂದೆ ದೊಡ್ಡ ಎಡೆಯ ಪಕ್ಕದಲ್ಲಿ ಇಟ್ಟು, ನನ್ನ ಕಡೆಗೆ ತಿರುಗಿ, “ಅವರ ಹೆಸರು ಏನಂದಿ?” ಎಂದರು. ಹೇಳಿದೆ. ಅವರು ಅದನ್ನು ಒಮ್ಮೆ ತಾವೂ ಹೇಳಿ ನೀರು ಸುತ್ತುಗಟ್ಟಿದರು.

“ಆಕೀದು?”

ನಾನು ಆಯಿಯ ಮುಖವನ್ನು ನೋಡಿದೆ. ಗೋಡೆಗೆ ಒರಗಿ ಕುಳಿತಿದ್ದ ಆಯಿ ಸ್ವಲ್ಪ ಹೊತ್ತು ಯೋಚಿಸಿ, ಊರಿನ ಹೆಸರನ್ನು ಹೇಳಿದಳು.